ಸುಂದರಾಬಾಯಿಯನ್ನು ಕೋಡಿಯ ಮೇಲೆ ಒಯ್ದದ್ದು

ತೆಲುಗಿನವರು ಹದ್ದಿಗೆ ಗದ್ದ ಅನ್ನುತ್ತಾರೆ. ಹದ್ದುಗಳು ಬಂದು ಕೂರುವ ಗುಡ್ಡವಾದ್ದರಿಂದ ಅದು ಗದ್ದಲಗುಟ್ಟ. ಕನ್ನಡದವರು ಅಲ್ಲಿ ಮನೆ ಕಟ್ಟಿಕೊಂಡ ಮೇಲೆ ಗದ್ದಲಕ್ಕೆ ಕನ್ನಡದ ಅರ್ಥವೇ ಸರಿಹೋಯಿತು ಎಂದು ಕೆಳಗಿನ ಮೀನುಗಾರರ ಓಣಿಯವರು ಇವತ್ತಿಗೂ ನಗುತ್ತಾರೆ.

ತಾರ್ನಾಕದಲ್ಲಿ ಬಸ್ಸು ಹತ್ತಿ ಪೂರ್ವಕ್ಕೆ ಹೋದರೆ, ಹೊಸ ಅಪಾರ್ಟ್‌ಮೆಂಟುಗಳ ಸಾಲು ತೆಳುವಾಗುವ ಕಡೆ ಆ ಗುಡ್ಡ ಕಾಣುತ್ತದೆ. ಯಾರೋ ಕೈಯಿಂದ ಪೇರಿಸಿಟ್ಟ ಹಾಗೆ ಬಂಡೆಯ ಮೇಲೆ ಬಂಡೆ. ಬುಡದಲ್ಲಿ ಕೆರೆ. ನಿಜಾಮರ ಕಾಲದಲ್ಲಿ ಒಂದು ಮಳೆಗಾಲ ಈ ಕೆರೆಯ ಏರಿ ಒಡೆದು ಕೆಳಗಿನ ಊರು ಕೊಚ್ಚಿಹೋಯಿತು. ಏರಿಯನ್ನು ಮತ್ತೆ ಕಟ್ಟಿಸಲು ಸರ್ಕಾರ ಗುಲಬರ್ಗಾ ಕಡೆಯ ಗುರುರಾಜನೆಂಬ ಓವರ್‌ಸಿಯರನನ್ನು ಕಳಿಸಿತು. ಅವನು ತನ್ನ ಸೀಮೆಯಿಂದ ಕಲ್ಲುಕೆಲಸದವರನ್ನು ಹೆಂಡಿರು ಮಕ್ಕಳ ಸಮೇತ ಕರೆತಂದ. ಏರಿ ಮುಗಿದ ಮೇಲೂ ಅವರು ಹಿಂದಿರುಗಲಿಲ್ಲ. ಕೆರೆಯಂಚಿನ ನೆಲವೆಲ್ಲ ಗದ್ದೆಯವರದಾಗಿತ್ತು. ಯಾರಿಗೂ ಬೇಡವಾಗಿದ್ದ ಬಂಡೆಗಳ ನಡುವೆ ಇವರು ಮನೆ ಎಬ್ಬಿಸಿದರು. ಬಂಡೆಯನ್ನೇ ಕಡಿದು ಮೆಟ್ಟಿಲು ಮಾಡಿದರು. ಮಕ್ಕಳು ರೈಲ್ವೆಗೂ ಟೆಲಿಫೋನ್ ಆಫೀಸಿಗೂ ಸೇರಿದರು, ಮೊಮ್ಮಕ್ಕಳು ರಕ್ಷಣಾ ಕಾರ್ಖಾನೆಗಳಿಗೆ. ಅದೇ ಕಾರ್ಖಾನೆಗಳಿಗೆ ಕರ್ನಾಟಕದ ಬೇರೆ ಕಡೆಗಳಿಂದ ಬಂದ ಕೆಲವರು ಅಗ್ಗದ ಬಾಡಿಗೆ ಹುಡುಕಿಕೊಂಡು ಮೆಟ್ಟಿಲು ಹತ್ತಿದರು, ಮತ್ತೆ ಇಳಿಯಲಿಲ್ಲ. ಕೆಲಸದಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಮೆಟ್ಟಿಲಿಗೆ ಕಾಲಿಟ್ಟರೆ ಕನ್ನಡ.

ಗುರುರಾಜ ಬಿಟ್ಟುಹೋದ ಕಟ್ಟಳೆ ಒಂದೇ. ಕೋಡಿಯ ಮೇಲೆ ಯಾರೂ ಏನೂ ಕಟ್ಟಬಾರದು. ಕೆರೆ ತುಂಬಿದಾಗ ಹೆಚ್ಚಾದ ನೀರು ಹೊರಗೆ ಹರಿದುಹೋಗಲೆಂದು ಏರಿಯ ಒಂದು ತುದಿಯಲ್ಲಿ ಚಪ್ಪಡಿ ಹಾಸಿ ಬಿಟ್ಟ ತಗ್ಗು ಅದು. ಬೇಸಿಗೆಯಲ್ಲಿ ಅದೇ ಕಾಲುದಾರಿ. ಅದರಾಚೆಗೆ ಗುಟ್ಟದವರ ಸ್ಮಶಾನ. ಗುಟ್ಟದಲ್ಲಿ ಸತ್ತವರೆಲ್ಲ ನಾಲ್ವರ ಹೆಗಲ ಮೇಲೆ ಮೆಟ್ಟಿಲಿಳಿದು, ಕೋಡಿ ದಾಟಿ ಆಚೆ ಹೋದವರೇ. ಮಳೆಗಾಲದಲ್ಲಿ ಸತ್ತವರನ್ನು ಹೊತ್ತವರು ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದರು.

ಆ ಕಟ್ಟಳೆಯನ್ನು ಮುರಿದವನು ಹೊರಗಿನವನಲ್ಲ. ಗುಟ್ಟದ ತುದಿಯ ಮನೆಯ ಸುಂದರಾಬಾಯಿಯ ಒಬ್ಬನೇ ಮಗ ಆನಂದಕುಮಾರ. ಅಲ್ಲೇ ಆಡಿ ಬೆಳೆದವನು, ಪ್ಲಾಟು ಮಾರುವ ಧಂದೆಗಿಳಿದು ಕೂಕಟ್‌ಪಲ್ಲಿಯಲ್ಲಿ ಫ್ಲ್ಯಾಟು ಮಾಡಿಕೊಂಡ. ಆಮೇಲೆ ಕೋಡಿಯ ತಗ್ಗಿಗೆ ಟಿಪ್ಪರುಗಟ್ಟಲೆ ಮಣ್ಣು ಸುರಿಸಿ, ಸುತ್ತ ಎತ್ತರದ ಗೋಡೆ ಎಬ್ಬಿಸಿ, ಒಳಗೆ ಮದುವೆಗಳಿಗೆ ಬಾಡಿಗೆ ಕೊಡುವ ಫಂಕ್ಷನ್ ಹಾಲ್ ಕಟ್ಟಿದ. ಗುಟ್ಟದವರ ಬಾಯಿ ಮುಚ್ಚಿಸಲು ಒಂದು ಮೋಟರು ಹಾಕಿಸಿ ತುದಿಯವರೆಗೂ ಕುಡಿಯುವ ನೀರಿನ ಪೈಪು ಎಳೆಸಿದ. ಅಲ್ಲಿಯವರೆಗೆ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದ ಹೆಂಗಸರು ಅವನಿಗೆ ಆರತಿ ಎತ್ತಿದರು. ಸತ್ತವರನ್ನು ಇನ್ನು ಮೇಲೆ ವ್ಯಾನಿನಲ್ಲಿ ಹಾಕಿ ಮೇನ್ ರೋಡ್ ಸುತ್ತಿ ಒಯ್ದರಾಯಿತು ಎಂದರು.

ಕೊರೋನಾದ ವರ್ಷ, ದಸರೆಗೆ ಮುಂಚೆ, ಹೈದರಾಬಾದಿನ ಮೇಲೆ ಆಕಾಶವೇ ಕಳಚಿಬಿದ್ದ ಹಾಗೆ ಮಳೆ ಸುರಿಯಿತು. ಕೆರೆ ತುಂಬಿತು. ಹೊರಗೆ ಹೋಗಬೇಕಾದ ನೀರು ಗೋಡೆಗೆ ಬಡಿದು ಹಿಂದಕ್ಕೆ ತಿರುಗಿ ಗುಟ್ಟದ ಕೆಳಸಾಲಿನ ಮನೆಗಳಿಗೆ ನುಗ್ಗಿತು. ಕೆಳಸಾಲಿನ ಮೊದಲ ಮನೆ ಪ್ರೇಮಾಳದು. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದು ಮಗಳು ಹರ್ಷದಾಳನ್ನು ಫಿಜಿಯೋಥೆರಪಿ ಓದಿಸಿದವಳು. ಅವತ್ತು ಸಂಜೆ ಪ್ರೇಮಾ ಮಗಳನ್ನೂ ಅಕ್ಕಪಕ್ಕದವರನ್ನೂ ಮೆಟ್ಟಿಲು ಹತ್ತಿಸಿದಳು. ನೀರು ಮೀಟರ್ ಬೋರ್ಡಿಗೆ ತಾಗುವುದರಲ್ಲಿತ್ತು. ಮೇನ್ ಸ್ವಿಚ್ ಆಫ್ ಮಾಡಿ ಬರುತ್ತೇನೆಂದು ಒಬ್ಬಳೇ ಇಳಿದಳು. ಹಿಂದಿನ ಗೋಡೆ ಕುಸಿಯಿತು. ನೀರು ಇಳಿದ ಮೇಲೆ ಅವಳ ಹೆಣ ಸಿಕ್ಕಿದ್ದು ಆನಂದಕುಮಾರನ ಗೋಡೆಯ ಬುಡದಲ್ಲಿ, ಕಸಕಡ್ಡಿ ಮತ್ತು ಗಂಟೆಹೂವಿನ ಬಳ್ಳಿಗಳ ನಡುವೆ ಸಿಕ್ಕಿಬಿದ್ದು. ಅವಳ ಬೆರಳಲ್ಲಿ ಹೊಲಿಗೆಯ ಅಂಗುಸ್ತಾನ ಹಾಗೇ ಇತ್ತು. ಹರ್ಷದಾ ಅದನ್ನು ಎಳೆದು ತೆಗೆಯಬೇಕಾಯಿತು.

ಪೊಲೀಸರು ಪ್ರಕೃತಿ ವಿಕೋಪ ಎಂದರು. ಕಚೇರಿಗಳಲ್ಲಿ ಹರ್ಷದಾಳನ್ನು ಒಂದು ಬೆಂಚಿನಿಂದ ಎಬ್ಬಿಸಿ ಇನ್ನೊಂದರ ಮೇಲೆ ಕೂರಿಸಿದರು. ಮಣ್ಣು ಸುರಿದದ್ದನ್ನು ಕಂಡವರು ಸಾಕ್ಷಿ ಹೇಳಿದರೆ ಏನಾದರೂ ಆದೀತು ಎಂದು ಒಬ್ಬ ವಕೀಲ ಹೇಳಿದ. ಕಂಡವರಲ್ಲಿ ಮುಖ್ಯರು ತಿಪ್ಪೇಸ್ವಾಮಿ. ಚಿತ್ರದುರ್ಗದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದು, ಗುಟ್ಟದ ಮನೆಯ ಅಳಿಯನಾಗಿ, ನಿವೃತ್ತರಾದ ಮೇಲೆ ಅಲ್ಲಿಯ ಹಿರಿಯರೆನಿಸಿಕೊಂಡವರು. ಅವರ ಜಗುಲಿಯಿಂದ ಕೋಡಿ ನೇರವಾಗಿ ಕಾಣುತ್ತದೆ.

"ನಾನು ನೋಡಿದೀನಮ್ಮ, ಇಲ್ಲ ಅನ್ನಲ್ಲ," ಎಂದರು ತಿಪ್ಪೇಸ್ವಾಮಿ. "ಆದರೆ ನಾಳೆ ಅವನು ಮೋಟರ್ ಕಿತ್ಕೊಂಡು ಹೋದರೆ ಇಷ್ಟು ಮನೆಯವರು ಏನು ಕುಡೀಬೇಕು, ನೀನೇ ಹೇಳು."

ಹರ್ಷದಾ ಚಪ್ಪಲಿ ಮೆಟ್ಟಿ ಜಗುಲಿ ಇಳಿದಳು. ಗುಟ್ಟ ಬಿಟ್ಟು ಮಾತ್ರ ಹೋಗಲಿಲ್ಲ. ಮೇಲಿನ ಸಾಲಿನಲ್ಲಿ ಒಂದು ಕೋಣೆ ಹಿಡಿದು, ತಾರ್ನಾಕದ ಕ್ಲಿನಿಕ್ಕಿಗೆ ಹೋಗಿ ಬಂದು ಮಾಡಿಕೊಂಡು ಕಾದಳು. ಮೊದಲೆಲ್ಲ ಆನಂದಕಾಕಾ ಎಂದು ಕರೆಯುತ್ತಿದ್ದವನನ್ನು ಈಗ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಅವನು ಬಂದರೆ ಅವನ ಕಾರು ಎಲ್ಲಿ ನಿಲ್ಲುತ್ತದೆ, ಅವನ ಜೊತೆ ಯಾರಿರುತ್ತಾರೆ, ಮೆಟ್ಟಿಲು ಹತ್ತುವಾಗ ಎಲ್ಲಿ ನಿಂತು ಏದುಸಿರು ಬಿಡುತ್ತಾನೆ, ಎಲ್ಲವನ್ನೂ ನೋಡುತ್ತಿದ್ದಳು. ಅಲ್ಲೇ ಎಡವಿ ಉರುಳಲಿ ಎಂದು ಬಯಸುತ್ತಿದ್ದಳು. ಅವನು ಎಡವಲಿಲ್ಲ.

ಸುಂದರಾಬಾಯಿಗೆ ಮೊಣಕಾಲು ಮಡಚಲು ಬಾರದ ಹಾಗಾಗಿತ್ತು. ಮಗ ಎಷ್ಟು ಕರೆದರೂ ಕೂಕಟ್‌ಪಲ್ಲಿಗೆ ಹೋಗಿರಲಿಲ್ಲ. ಗುಟ್ಟದವರೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದರು. ಹರ್ಷದಾ ಕ್ಲಿನಿಕ್ಕಿನಿಂದ ಬಂದು ಸಂಜೆ ಆಯಿಯ ಕಾಲಿಗೆ ವ್ಯಾಯಾಮ ಮಾಡಿಸತೊಡಗಿದಳು. ಮೂರನೆಯದೋ ನಾಲ್ಕನೆಯದೋ ಸಲ ಆಯಿ ಗೋಡೆಗೆ ಒರಗಿಕೊಂಡು ಹೇಳಿದಳು:

"ನೀ ನನ್ನ ಮೊಣಕಾಲಿಗೆ ಬರೂದಿಲ್ಲ, ನನ್ನ ಮಗನ ಸುದ್ದಿ ತಿಳ್ಕೊಳ್ಳಾಕ ಬರ್ತಿ. ನನಗ ಗೊತ್ತೈತಿ."

ಹರ್ಷದಾ ಕೈ ನಿಲ್ಲಿಸಿದಳು.

"ಬಾ. ಬ್ಯಾಡ ಅನ್ನಂಗಿಲ್ಲ. ಮೊಣಕಾಲಂತೂ ನೆಟ್ಟಗಾಗಾಕತ್ತೈತಿ."

ಹಾಗೆ ವರ್ಷಗಳು ಕಳೆದವು. ಆಯಿ ಗೋಡೆ ಹಿಡಿದು ಅಂಗಳದವರೆಗೆ ನಡೆಯುವಂತಾದಳು. ಅಲ್ಲಿಂದ ಕೆರೆಯ ಮೇಲೆ ಹಾರುವ ಹದ್ದುಗಳೂ ಕಾಣುತ್ತಿದ್ದವು, ಮಗನ ಫಂಕ್ಷನ್ ಹಾಲಿನ ನೀಲಿ ತಗಡಿನ ಮಾಡೂ ಕಾಣುತ್ತಿತ್ತು. ಮದುವೆಯ ದಿನಗಳಲ್ಲಿ ಡಿಜೆ ಸದ್ದು ಬಂಡೆಗಳಿಗೆ ಬಡಿದು ಮೇಲೇರುತ್ತಿತ್ತು. ಒಂದು ದಿನ ಆ ಸದ್ದಿನ ನಡುವೆಯೇ ಆಯಿ ಕೇಳಿಕೊಂಡಳು:

"ನಾ ಸತ್ತ ಮ್ಯಾಲೆ ನನ್ನ ಕೋಡಿ ಮ್ಯಾಲಿಂದನ ಒಯ್ಯಬೇಕು. ವ್ಯಾನ್‌ದಾಗ ಹಾಕಬ್ಯಾಡ್ರಿ. ನಮ್ಮ ಅತ್ತಿ, ಮಾವ, ನನ್ನ ಗಂಡ, ಎಲ್ಲಾರೂ ಅಲ್ಲಿಂದನ ಹೋಗ್ಯಾರ."

"ಅಲ್ಲಿ ಗ್ವಾಡಿ ಐತಲ್ಲ ಆಯಿ."

"ಐತಿ." ಆಯಿ ಹರ್ಷದಾಳ ಮುಖವನ್ನೇ ನೋಡಿದಳು. "ಗ್ವಾಡಿ ತೆಗಿ ಅಂತ ಬದುಕಿದ್ದಾಗ ಹೇಳಿ ಹೇಳಿ ನನ್ನ ಬಾಯಿ ಬತ್ತೈತಿ. ಸತ್ತ ಮ್ಯಾಲಾದ್ರೂ ಕೇಳ್ತಾನೇನೋ ನೋಡು."

"ಅವರಿಗೇ ಹೇಳಬೇಕಿಲ್ಲೇನು ಇದನ್ನ?"

"ನಿನಗ ಹೇಳೀನಲ್ಲ," ಎಂದಳು ಆಯಿ, ಮತ್ತೆ ಕಾಲು ಚಾಚಿದಳು.

ಒಂದು ವರ್ಷ ಶಿವರಾತ್ರಿ ಕಳೆದು ಕೆಲವು ದಿನಕ್ಕೆ, ಬೆಳಗಿನ ಚಹಾ ಕುಡಿದು ಲೋಟ ಕೆಳಗಿಡುತ್ತಲೇ ಸುಂದರಾಬಾಯಿ ಪ್ರಾಣ ಬಿಟ್ಟಳು. ಸುದ್ದಿ ತಿಳಿದಾಗ ಹರ್ಷದಾ ಕೆಲಸಕ್ಕೆ ಹೊರಟಿದ್ದಳು. ಬ್ಯಾಗು ಕೆಳಗಿಟ್ಟು ಮೇಲೆ ಹೋಗಿ ಆಯಿಯ ಕಾಲುಗಳನ್ನು ನೇರ ಮಾಡಿ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಿದಳು. ಅಳು ಬಂತು. ಅಳುತ್ತಿರುವಾಗಲೇ, ಇವತ್ತು ಅವನು ಬರಲೇಬೇಕು ಎಂಬ ಯೋಚನೆಯೂ ಬಂತು. ಅದು ಬಂದ ಮೇಲೆ ಅಳು ನಿಂತಿತು.

ಅವಳು ನೇರವಾಗಿ ತಿಪ್ಪೇಸ್ವಾಮಿಯ ಮನೆಗೆ ಹೋದಳು.

"ಆಯಿ ಕೋಡಿ ಮೇಲಿಂದ ಹೋಗಬೇಕಂತ ಹೇಳ್ಯಾಳ ಮಾಮಾ. ಗ್ವಾಡಿ ಒಡಸೂ ತನಕ ಗುಟ್ಟದವರು ಯಾರೂ ಹೆಗಲು ಕೊಡಬಾರದು."

ತಿಪ್ಪೇಸ್ವಾಮಿ ಓದುತ್ತಿದ್ದ ಪೇಪರು ಮಡಚಿಟ್ಟರು. "ಹೆಣ ಇಟ್ಕೊಂಡು ಹಟ ಮಾಡೋದಾ? ಅದೂ ಆಯಿ ಹೆಣ. ನಿನ್ನ ಸಿಟ್ಟು ಅವನ ಮೇಲೆ, ಆಕೆ ಮೇಲಲ್ಲ."

"ನಮ್ಮವ್ವನ ಮ್ಯಾಲೆ ಯಾರ ಸಿಟ್ಟು ಇತ್ತು? ಆದ್ರೂ ಹೋದ್ಲು." ಹರ್ಷದಾಳ ದನಿ ಏರಲಿಲ್ಲ. "ನೀವು ಒಮ್ಮೆ ನನಗ ಒಲ್ಲೆ ಅಂದೀರಿ. ಇವತ್ತು ನಾನು ಸಾಕ್ಷಿ ಕೇಳಾಕ ಬಂದಿಲ್ಲ. ಸುಮ್ಮನ ಕೂಡ್ರಿ ಅಂತ ಕೇಳಾಕ ಬಂದೀನಿ. ಅಷ್ಟೂ ಆಗೂದಿಲ್ಲೇನು?"

ಅವರ ಹೆಂಡತಿ ಗುಣವತಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ಕೂಡ್ತಾರ," ಎಂದಳು. "ನಾ ಕೂಡಸ್ತೀನಿ. ನೀ ನಡಿ."

ಆನಂದಕುಮಾರ ಬಂದಾಗ ಬಿಸಿಲು ಏರಿತ್ತು. ಬಿಳಿ ಅಂಗಿ, ಕೆಂಪಾದ ಕಣ್ಣು. ಹಿಂದೆ ಹೆಂಡತಿ, ಕೆಲವು ನೆಂಟರು. ಕೆಳಗೆ ಹೂವಿನ ಹಾರ ಹಾಕಿದ ವ್ಯಾನು. ತಾಯಿಯ ಕಾಲ ಬಳಿ ಕುಸಿದು ಅವನು ನಿಜವಾಗಿಯೇ ಅತ್ತ. ಅದು ಹರ್ಷದಾಳಿಗೆ ಕಂಡಿತು. ತನ್ನೊಳಗೆ ಏನಾದರೂ ಕರಗುತ್ತದೆಯೇ ಎಂದು ನೋಡಿಕೊಂಡಳು. ಕರಗಲಿಲ್ಲ.

ಆ ಕಡಿದಾದ ಮೆಟ್ಟಿಲುಗಳಲ್ಲಿ ಚಟ್ಟ ಇಳಿಸುವುದು ಗುಟ್ಟದ ಗಂಡಸರಿಗಷ್ಟೇ ರೂಢಿ. ಮುಂದಿನವರು ಕೈ ಮೇಲೆತ್ತಿ, ಹಿಂದಿನವರು ಮೊಣಕಾಲು ಬಗ್ಗಿಸಿ, ತಿರುವಿನಲ್ಲಿ ಬಂಡೆಗೆ ಬೆನ್ನು ಒತ್ತಿ ಇಳಿಯಬೇಕು. ಚಟ್ಟ ಕಟ್ಟಿಯಾಯಿತು. ಆಯಿಗೆ ಸ್ನಾನ ಮಾಡಿಸಿ ಹೊಸ ಸೀರೆ ಉಡಿಸಿ ಮಲಗಿಸಿದರು. ಆನಂದಕುಮಾರ ಕೈ ಮುಗಿದು, "ಎತ್ತೋಣ್ರಿ," ಎಂದ.

ಯಾರೂ ಏಳಲಿಲ್ಲ.

"ತಿಪ್ಪೇಸ್ವಾಮಿಯವರೇ, ಹೊತ್ತಾಗಾಕತ್ತೈತಿ. ಕೆಳಗ ವ್ಯಾನ್ ಕಾಯ್ತೈತಿ."

ತಿಪ್ಪೇಸ್ವಾಮಿ ಹೆಗಲ ಮೇಲಿನ ಟವೆಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನೆಲ ನೋಡುತ್ತ, "ಆ ಹುಡುಗಿ ಏನೋ ಹೇಳಬೇಕಂತೆ, ಕೇಳು," ಎಂದರು.

ಹರ್ಷದಾ ಹೆಂಗಸರ ನಡುವಿನಿಂದ ಎದ್ದಳು. "ಆಯಿ ವ್ಯಾನ್‌ದಾಗ ಬ್ಯಾಡ ಅಂದಾಳ. ಕೋಡಿ ಮ್ಯಾಲಿಂದ ಒಯ್ಯಬೇಕಂತ."

"ನನಗ ಒಮ್ಮೆನೂ ಹೇಳಿಲ್ಲ ನಮ್ಮವ್ವ."

"ನನಗ ಹೇಳ್ಯಾಳ."

"ಅಲ್ಲಿ ದಾರಿ ಎಲ್ಲೈತಿ ಈಗ? ಕಾಂಪೌಂಡ್ ಐತಿ."

"ಒಡಸ್ರಿ."

ನೆಂಟರಲ್ಲೊಬ್ಬ, ಇದೇನು ಸಾವಿನ ಮನೆಯಲ್ಲಿ ತಮಾಷೆಯೇ ಎಂದ. ಆನಂದಕುಮಾರ ಅವನನ್ನು ಸುಮ್ಮನಿರಿಸಿದ. ಸುತ್ತ ಕುಳಿತವರ ಮುಖಗಳನ್ನು ಒಂದೊಂದಾಗಿ ನೋಡಿದ. ಅವನ ನೀರು ಕುಡಿದವರು, ಅವನ ಫಂಕ್ಷನ್ ಹಾಲಿನಲ್ಲಿ ಮಕ್ಕಳ ಮದುವೆ ಮಾಡಿದವರು. ಎಲ್ಲರೂ ಅವನ ಚಪ್ಪಲಿ ನೋಡುತ್ತಿದ್ದರು.

ಅವನು ಫೋನು ತೆಗೆದು ಅಂಗಳದ ಮೂಲೆಗೆ ಹೋದ. ಸ್ವಲ್ಪ ಹೊತ್ತಿಗೆ ಚಟ್ಟ ಹೊರಲೆಂದು ದಿಲ್‌ಸುಖ್‌ನಗರದ ಕಡೆಯಿಂದ ಕೂಲಿ ಆಳುಗಳು ಬಂದರು. ಬಂದವರು ಮೆಟ್ಟಿಲುಗಳನ್ನು ನೋಡಿದರು. ಮೆಟ್ಟಿಲುಗಳ ಮೇಲೆ ಅಷ್ಟು ಹೊತ್ತಿಗೆ ಗುಟ್ಟದ ಹೆಂಗಸರು, ಗುಣವತಿ ಮೊದಲುಗೊಂಡು, ಮೇಲಿನಿಂದ ಕೆಳಗಿನವರೆಗೆ ಕುಳಿತಿದ್ದರು. ಯಾರೂ ಬೈಯಲಿಲ್ಲ, ಯಾರೂ ಏಳಲಿಲ್ಲ. ಆಳುಗಳ ಮೇಸ್ತ್ರಿ ತೆಲುಗಿನಲ್ಲಿ, ಇದು ನಿಮ್ಮ ಊರಿನ ಜಗಳ ಸಾರ್, ನಮಗೆ ಬೇಡ ಎಂದು ಹೇಳಿ ತನ್ನವರನ್ನು ಕರೆದುಕೊಂಡು ಹೋದ.

ಬಿಸಿಲು ಇಳಿಯತೊಡಗಿತು. ಕತ್ತಲಾದರೆ ಕೊಳ್ಳಿ ಇಡುವಂತಿಲ್ಲ, ಹೆಣವನ್ನು ನಾಳೆಯವರೆಗೂ ಇಟ್ಟುಕೊಳ್ಳಬೇಕಾಗುತ್ತದೆ ಎಂದು ಆನಂದಕುಮಾರನ ಹೆಂಡತಿ ಪಿಸುಗುಟ್ಟಿದಳು. ಅವನು ಹರ್ಷದಾಳನ್ನು ಹಿತ್ತಲಿಗೆ ಕರೆದ.

"ನಿನ್ನ ಎತ್ತಿ ಆಡ್ಸೀನಿ ನಾನು. ನಿನ್ನ ಅಪ್ಪ ನನ್ನ ಜೋಡಿ ಸಾಲಿ ಕಲ್ತಾಂವ. ನಮ್ಮವ್ವನ ಮಾರಿ ನೋಡಿಯರ ಬಿಡವ್ವಾ."

"ನಿಮ್ಮವ್ವನ ಮಾರಿ ದಿನಾ ನೋಡೀನಿ. ನೀವು ಹಬ್ಬಕ್ಕೊಮ್ಮೆ ನೋಡೀರಿ."

"ಏನು ಬೇಕು ನಿನಗ? ಬಾಯಿ ಬಿಟ್ಟು ಹೇಳು. ಮನಿ ಕಟ್ಟಿಸಿ ಕೊಡ್ಲೇನು? ಪ್ರೇಮಕ್ಕನ ಸಲುವಾಗಿ ನನಗೂ ಭಾಳ ಸಂಕಟ ಐತಿ."

ಹರ್ಷದಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಗ್ವಾಡಿ ಒಡಸ್ರಿ. ಇಲ್ಲಾಂದ್ರ ನಿಮ್ಮವ್ವ ಇಲ್ಲೇ ಇರ್ತಾಳ. ನಮ್ಮವ್ವನೂ ನೀರಿಳಿಯೂ ತನಕ ಕಾದಾಳ."

ಅವನು ಅವಳನ್ನು ಹೊಡೆಯುವನೇನೋ ಎನ್ನಿಸಿತು. ಹೊಡೆಯಲಿ ಎಂದೇ ಅವಳು ನಿಂತಳು. ಅವನು ಮುಖ ಒರೆಸಿಕೊಂಡು ಮತ್ತೆ ಫೋನು ತೆಗೆದ.

ಹತ್ತಿರದ ಲೇಔಟಿನಲ್ಲಿ ಕೆಲಸ ಮಾಡುತ್ತಿದ್ದ ಜೆಸಿಬಿ ಬಂತು. ಗುಟ್ಟದವರೆಲ್ಲ ಅಂಗಳದ ಅಂಚಿಗೆ ಬಂದು ನಿಂತು ನೋಡಿದರು. ಮೊದಲ ಏಟಿಗೆ ಗೋಡೆಯ ಮೇಲಿನ ಬಣ್ಣದ ದೀಪಗಳ ಸರ ಕಿತ್ತು ಜೋಲಾಡಿತು. ಎರಡನೆಯದಕ್ಕೆ ಇಟ್ಟಿಗೆ ಉರುಳಿತು. ಆಚೆ ಬದಿಯ ಗೋಡೆಯೂ ಬಿತ್ತು. ನಡುವೆ ಫಂಕ್ಷನ್ ಹಾಲಿನ ಪಕ್ಕಕ್ಕೆ ಗಟ್ಟಿಯಾಗಿ ಕೂತಿದ್ದ ಮಣ್ಣನ್ನು ಅಗೆದು ಹೊರಗೆಳೆದಾಗ ಹಳೆಯ ಚಪ್ಪಡಿಗಳು ಕಾಣಿಸಿಕೊಂಡವು. ತಿಪ್ಪೇಸ್ವಾಮಿ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ನೋಡಿ, ಟವೆಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡರು.

"ಏಳ್ರಪ್ಪ," ಎಂದರು.

ಹೆಂಗಸರು ಮೆಟ್ಟಿಲುಗಳಿಂದ ಎದ್ದು ಬಂಡೆಗಳ ಬದಿಗೆ ಸರಿದರು. ಗುಟ್ಟದ ಹುಡುಗರು ಪ್ರಜ್ವಲ, ವಿನಾಯಕ, ಇನ್ನಿಬ್ಬರು ಹೆಗಲು ಕೊಟ್ಟರು. ಆನಂದಕುಮಾರ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ, ಬರಿಗಾಲಲ್ಲಿ, ಒದ್ದೆ ಪಂಚೆಯಲ್ಲಿ. ಗುಟ್ಟದಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇರಲಿಲ್ಲ. ಹರ್ಷದಾ ಹೋದಳು. ಯಾರೂ ತಡೆಯಲಿಲ್ಲ.

ಹೆಣವನ್ನು ದಾರಿಯಲ್ಲಿ ಒಮ್ಮೆ ಇಳಿಸಿ, ಹೊತ್ತವರು ಜಾಗ ಬದಲಿಸಿ ಎತ್ತುವುದು ರೂಢಿ. ಎಲ್ಲಿ ಇಳಿಸಬೇಕೆಂದು ಹರ್ಷದಾ ಪ್ರಜ್ವಲನಿಗೆ ಮೊದಲೇ ಹೇಳಿದ್ದಳು. ಒಡೆದ ಗೋಡೆಯ ಬಾಯಲ್ಲಿ, ಇಟ್ಟಿಗೆ ಚೂರುಗಳ ನಡುವೆ ಚಟ್ಟ ಇಳಿಯಿತು.

ಆನಂದಕುಮಾರ ತಿರುಗಿ ನೋಡಿದ. ಮಡಕೆಯ ಹೊಗೆ ಅವನ ಮುಖಕ್ಕೆ ಹೋಗುತ್ತಿತ್ತು.

"ಇಲ್ಲಿ ಏನು ಸಿಕ್ಕಿತ್ತು ಹೇಳ್ರಿ," ಎಂದಳು ಹರ್ಷದಾ.

"ಹರ್ಷದಾ, ಬ್ಯಾಡ."

"ಹೇಳೂ ತನಕ ಎತ್ತೂದಿಲ್ಲ."

ಅವನು ತಿಪ್ಪೇಸ್ವಾಮಿಯ ಕಡೆ ನೋಡಿದ. ಅವರು ಆಯಿಯ ಕಡೆ ನೋಡುತ್ತಿದ್ದರು. ಕೆರೆಯ ಮೇಲಿಂದ ಗಾಳಿ ಬಂದು ಆಯಿಯ ಹಣೆಯ ಮೇಲಿನ ಹೂವಿನ ಎಸಳುಗಳನ್ನು ಸರಿಸಿತು. ಹರ್ಷದಾ ಆ ಹಣೆಯನ್ನು ಒಂದು ಕ್ಷಣ ನೋಡಿದಳು. ಆಯಿ ಕೇಳಿದ್ದು ದಾರಿ ಮಾತ್ರ. ಇಲ್ಲಿ ಇಳಿಸು ಎಂದು ಅವಳು ಕೇಳಿರಲಿಲ್ಲ. ಅದು ಹರ್ಷದಾಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಪಕ್ಕಕ್ಕೆ ಸರಿಯಲಿಲ್ಲ.

"ಪ್ರೇಮಕ್ಕ ಇಲ್ಲೇ ಇದ್ಲು," ಎಂದ ಆನಂದಕುಮಾರ.

"ಯಾಕ ಇಲ್ಲಿದ್ಲು?"

"ನೀರು ಹೋಗಾಕ ದಾರಿ ಇರ್ಲಿಲ್ಲ."

"ಯಾಕ ಇರ್ಲಿಲ್ಲ?"

ಅವನು ಮಡಕೆಯನ್ನು ಕೈ ಬದಲಿಸಿ ಹಿಡಿದ. ಸ್ಮಶಾನದ ಆಚೆಗಿನ ತಾಳೆಮರಗಳ ಹಿಂದೆ ಸೂರ್ಯ ಕೆಂಪಾಗಿದ್ದ.

"ಮಣ್ಣು ನಾನ ಹಾಕ್ಸಿದ್ದೆ. ಗ್ವಾಡಿ ನಂದು. ಮಳಿಗಿಂತ ಮೊದಲ ತಿಪ್ಪೇಸ್ವಾಮಿಯವರು ಹೇಳಿದ್ರು, ಕೋಡಿ ಬಿಡು ಅಂತ. ನಾ ಕೇಳ್ಲಿಲ್ಲ."

ಹೊತ್ತು ಬಂದವರು ಒಬ್ಬರನ್ನೊಬ್ಬರು ನೋಡಿದರು. ತಿಪ್ಪೇಸ್ವಾಮಿ ಮೊದಲೇ ಹೇಳಿದ್ದರೆಂಬುದು ಅವರಿಗೂ ಹೊಸದು, ಹರ್ಷದಾಳಿಗೂ ಹೊಸದು. ತಿಪ್ಪೇಸ್ವಾಮಿಯವರ ತಲೆ ಇನ್ನಷ್ಟು ಬಗ್ಗಿತು.

"ಎತ್ರಿ," ಎಂದಳು ಹರ್ಷದಾ.

ಸುಂದರಾಬಾಯಿಯ ಚಿತೆಗೆ ಬೆಳಕಿರುವಾಗಲೇ ಬೆಂಕಿ ಬಿತ್ತು.

ಕರ್ಮದ ದಿನಗಳು ಮುಗಿದ ಮಾರನೆಯ ದಿನವೇ ಆನಂದಕುಮಾರನ ಆಳುಗಳು ಬಂದು ಮೋಟರು ಬಿಚ್ಚಿಕೊಂಡು ಹೋದರು. ಆ ಬೇಸಿಗೆಯಿಡೀ ಗುಟ್ಟದವರು ಕೊಡ ಹೊತ್ತು ಮೆಟ್ಟಿಲು ಹತ್ತಿದರು. ಹರ್ಷದಾಳನ್ನು ಬೈದವರು ಇದ್ದರು. ಸಾವಿನ ಮನೆಯಲ್ಲಿ ಸೇಡು ತೀರಿಸಿಕೊಂಡವಳು ಎಂದು ಅವಳ ಎದುರಿಗೇ ಅಂದರು. ಅವಳು ಹೌದು ಎಂದಳು. ಕೊಡ ಹೊರಲಾಗದ ಮನೆಗಳಿಗೆ ಕೆಲಸ ಮುಗಿಸಿ ಬಂದು ತಾನೇ ನೀರು ಹೊತ್ತು ಹಾಕಿದಳು. ಅದು ಪಶ್ಚಾತ್ತಾಪವೆಂದು ಕೆಲವರು ತಿಳಿದರು, ಅವಳು ತಿದ್ದಲು ಹೋಗಲಿಲ್ಲ.

ತಿಪ್ಪೇಸ್ವಾಮಿ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳ ಬಾಗಿಲಿಗೆ ಬಂದರು.

"ಆ ವಕೀಲ ಇದಾನಾ ಇನ್ನೂ?"

"ಅದಾನ ಮಾಮಾ."

"ಹಂಗಾದರೆ ನಡಿ. ಟಿಪ್ಪರ್ ನೋಡಿದ್ದನ್ನೂ ಹೇಳ್ತೀನಿ, ಅವನಿಗೆ ಹೇಳಿ ಸುಮ್ಮನಾಗಿದ್ದನ್ನೂ ಹೇಳ್ತೀನಿ. ಮನೇಲಿ ಗುಣವತಿ ಮುಖ ನೋಡಕ್ಕಾಗ್ತಿಲ್ಲ."

ಕೇಸು ಮತ್ತೆ ತೆರೆಯಿತು. ಕೋಡಿಯ ಮೇಲೆ ಚಟ್ಟ ಹೊತ್ತವರೂ ಒಬ್ಬೊಬ್ಬರಾಗಿ ಹೇಳಿಕೆ ಕೊಟ್ಟರು. ಗೋಡೆ ಒಡೆದ ಫಂಕ್ಷನ್ ಹಾಲಿಗೆ ಮದುವೆಯವರು ಬರುವುದು ನಿಂತಿತು. ಮಳೆಗಾಲ ಬಂದು ಕೆರೆ ತುಂಬಿದಾಗ ನೀರು ಚಪ್ಪಡಿಗಳ ಮೇಲೆ ಹರಿದು ಹೊರಗೆ ಹೋಯಿತು. ಕೆಳಸಾಲಿನ ಮನೆಗಳ ಹೊಸಿಲು ಒಣಗಿಯೇ ಇತ್ತು.

ವಿಚಾರಣೆಯ ಎರಡನೆಯ ದಿನ ಕೋರ್ಟಿನ ಕಾರಿಡಾರಿನಲ್ಲಿ ಆನಂದಕುಮಾರನ ವಕೀಲ ಹರ್ಷದಾಳ ಹತ್ತಿರ ಬಂದ. ತನ್ನ ಕಕ್ಷಿದಾರ ಬಹಳ ಇಳಿದುಹೋಗಿದ್ದಾನೆ, ರಾಜಿಯಾದರೆ ಆ ಜಾಗವನ್ನೇ ಗುಟ್ಟದವರಿಗೆ ಬಿಟ್ಟುಕೊಟ್ಟು ಪ್ರೇಮಾ ಹೆಸರಿನಲ್ಲಿ ಒಂದು ಸಮುದಾಯ ಭವನ ಕಟ್ಟಿಸುತ್ತಾನೆ ಎಂದ. ಹರ್ಷದಾ ಕಾರಿಡಾರಿನ ಆ ತುದಿಗೆ ನೋಡಿದಳು. ಬೆಂಚಿನ ಮೇಲೆ ಆನಂದಕುಮಾರ ಕುಳಿತಿದ್ದ. ಅಂಗಿ ದೊಗಳೆಯಾಗಿತ್ತು. ಅವನು ಅವಳನ್ನೇ ನೋಡುತ್ತಿದ್ದ.

"ನಮ್ಮವ್ವನ ಹೆಸರು ಅವರ ಗ್ವಾಡಿ ಮ್ಯಾಲೆ ಬರಬಾರದು," ಎಂದಳು. "ಅವರಿಗೆ ಶಿಕ್ಷಾ ಆಗಬೇಕು. ಅಷ್ಟ."

"ಎಷ್ಟು ವರ್ಷ ನಡೀತೈತೋ ಗೊತ್ತಿಲ್ಲಮ್ಮ ಇದು."

"ನಡೀಲಿ."

ಅಷ್ಟರಲ್ಲಿ ಒಳಗಿನಿಂದ ಸಾಕ್ಷಿಯ ಹೆಸರು ಕೂಗಿದರು. ಹರ್ಷದಾ ತಿಪ್ಪೇಸ್ವಾಮಿಯ ತೋಳು ಹಿಡಿದು ಎಬ್ಬಿಸಿ, ಬೆಂಚಿನ ಮೇಲೆ ಕುಳಿತವನ ಮುಂದಿನಿಂದಲೇ ನಡೆದು ಒಳಗೆ ಹೋದಳು.